ನೀರು ಇಂಗುವ ನೆಲ, ನೀರು ನಿಲ್ಲುವ ನೆಲ: ಬಳ್ಳಾರಿ ಸೀಮೆಯಲ್ಲಿ ಮಣ್ಣಿನ ಆರೈಕೆ ಮತ್ತು ಹಣ್ಣಿನ ಗಿಡ

ಬಳ್ಳಾರಿ ನಗರ ಮತ್ತು ಕುರುಗೋಡಿನ ಕಲ್ಲುಗುಡ್ಡಗಳ ಬುಡದಲ್ಲಿ ಕೆಂಪು ಮಸಾರಿ ಮಣ್ಣಿದೆ. ಹಗರಿ ಮತ್ತು ತುಂಗಭದ್ರಾ ನದಿಗಳ ಕಡೆಗೆ ಇಳಿದಂತೆ ಕಪ್ಪು ಎರೆ ಶುರುವಾಗಿ ಸಿರುಗುಪ್ಪದ ಬಯಲಿಡೀ ಹರಡಿಕೊಳ್ಳುತ್ತದೆ. ವರ್ಷದ ಮಳೆ ಸುಮಾರು 500 ಮಿಲಿಮೀಟರ್. ಮಸಾರಿಯಲ್ಲಿ ನೀರು ಬೇಗ ಇಂಗಿ ಬೇಗ ಆರುತ್ತದೆ. ಎರೆ ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿದು, ಒಮ್ಮೆ ನೆನೆಯಿತೆಂದರೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಆಮೇಲೆ ಗಂಟೆಗೆ ಕೆಲವೇ ಮಿಲಿಮೀಟರ್ ನೀರು ಒಳಗಿಳಿದರೆ ಹೆಚ್ಚು. ಈ ಸೀಮೆಯ ಕೃಷಿ ಸಂಶೋಧನೆ ನೂರು ವರ್ಷಕ್ಕೂ ಹೆಚ್ಚು ಕಾಲ ಕೈಹಾಕಿದ್ದು ಮುಖ್ಯವಾಗಿ ಈ ತೊಡಕಿಗೇ.

ಹಳೆಯ ರೈತರ ಉತ್ತರ ಹಿಂಗಾರಿ ಬೇಸಾಯ. ಮುಂಗಾರಿನಲ್ಲಿ ಎರೆ ಹೊಲವನ್ನು ಹರಗಿ ಹಾಗೇ ಬಿಟ್ಟು, ಮಣ್ಣು ಹಸಿ ಹಿಡಿದ ಮೇಲೆ ಸೆಪ್ಟೆಂಬರ್‌–ಅಕ್ಟೋಬರ್‌ನಲ್ಲಿ ಬಿಳಿಜೋಳ, ಕಡಲೆ, ಹತ್ತಿ ಬಿತ್ತುತ್ತಿದ್ದರು. ಹಣ್ಣಿನ ಗಿಡಗಳಿಗೆ ನದಿದಂಡೆಯೇ ನೆಲೆ. ವಿಜಯನಗರದ ಕಾಲದ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ನದಿಪಕ್ಕದ ಪಟ್ಟಿಗೆ ನೀರುಣಿಸಿದವು. ಅದರಾಚೆಯ ಎರೆ ಮಳೆಯನ್ನೇ ನಂಬಿತ್ತು; 1876–78ರ ಬರದಲ್ಲಿ ಆ ನಂಬಿಕೆಗೆ ತೆತ್ತ ಬೆಲೆ ಘೋರ.

ಮದರಾಸು ಪ್ರಾಂತ್ಯದ ಸರ್ಕಾರ 20ನೇ ಶತಮಾನದ ಮೊದಲ ದಶಕದಲ್ಲಿ ಹಗರಿ ಎಂಬ ಊರಿನಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆಯಿತು. ಹತ್ತಿ ಮತ್ತು ಜೋಳದ ತಳಿಗಳ ಜೊತೆಗೆ ಒಣ ಎರೆಯ ಬೇಸಾಯವೂ ಅಲ್ಲಿ ಅಧ್ಯಯನಕ್ಕೆ ಬಂತು. 1930ರ ದಶಕದಲ್ಲಿ ಸಿರುಗುಪ್ಪದಲ್ಲಿ ಇನ್ನೊಂದು ಕೇಂದ್ರ ಹುಟ್ಟಿತು. ತುಂಗಭದ್ರೆಗೆ ಅಣೆಕಟ್ಟು ಬಂದರೆ ಈ ಎರೆ ಕಾಲುವೆ ನೀರನ್ನು ತಾಳೀತೇ ಎಂಬ ಪ್ರಶ್ನೆ ಅದರ ಮುಂದಿತ್ತು. ಕಟ್ಟುವ ಮೊದಲೇ ಮಣ್ಣಿನ ಯೋಗ್ಯತೆ ಕೇಳಿದ್ದು ದೂರದೃಷ್ಟಿಯ ಕೆಲಸ. ಇಂದು ಎರಡೂ ಕೇಂದ್ರಗಳು 2009ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿವೆ.

1954ರಲ್ಲಿ ಕೇಂದ್ರ ಸರ್ಕಾರ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣಾ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಅಂದು ಎಲ್ಲೆಡೆ ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಕಟ್ಟುವ ಸಮಪಾತಳಿ ಬದುಗಳದ್ದೇ ಮಾತು. ಮಸಾರಿಯಲ್ಲಿ ಅವು ಫಲ ಕೊಟ್ಟವು. ಆಳವಾದ ಎರೆಯಲ್ಲಿ ಬದುವಿನ ಹಿಂದೆ ನೀರು ದಿನಗಟ್ಟಲೆ ನಿಂತು ಬೆಳೆ ಕೊಳೆಯಿತು. ಒಣಗಿದಾಗ ಬದುವೇ ಬಿರಿದು ಮುಂದಿನ ಮಳೆಗೆ ಒಡೆಯಿತು. ಹೆಚ್ಚಾದ ನೀರು ನಿಧಾನವಾಗಿ ಹರಿದುಹೋಗುವಂತೆ ಸ್ವಲ್ಪ ಇಳಿಜಾರು ಕೊಟ್ಟ ಬದುಗಳು, ಹೊಲದೊಳಗೆ ಬಿದ್ದ ಮಳೆಯನ್ನು ಅಲ್ಲಲ್ಲೇ ಇಂಗಿಸುವ ಚೌಕು ಮಡಿಗಳು ಎರೆಗೆ ತಕ್ಕವೆಂದು ಸಾಬೀತಾಯಿತು.

ಅಷ್ಟರಲ್ಲಿ, 1953ರಲ್ಲಿ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತ್ತು, ತುಂಗಭದ್ರಾ ಕಾಲುವೆಗಳಿಗೆ ನೀರೂ ಬಂದಿತ್ತು. ಸಿರುಗುಪ್ಪ ಭತ್ತದ ನಾಡಾಯಿತು. ಆದರೆ ವರ್ಷವಿಡೀ ನೀರು ನಿಂತ ಕಡೆ ಅಂತರ್ಜಲ ಮೇಲೇರಿತು, ಅದರೊಂದಿಗೆ ಉಪ್ಪೂ ಮೇಲೆ ಬಂತು. ಸವಳು–ಜವಳು ತಗ್ಗು ಹೊಲಗಳನ್ನು ಹಿಡಿಯಿತು. ಉಪ್ಪಿನೊಡನೆ ಸೋಡಿಯಂ ಸೇರಿದರೆ ಹಾನಿ ಇನ್ನೂ ಆಳ: ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ, ಬೇರಿಗೆ ಗಾಳಿ ಸಿಗುವುದಿಲ್ಲ.

ಹಿತ್ತಲಲ್ಲೇ ಇದನ್ನು ಪರೀಕ್ಷಿಸಬಹುದು. ಒಣಗಿದ ಕಡಲೆಗಾತ್ರದ ಹೆಂಟೆಯನ್ನು ಗಾಜಿನ ಲೋಟದ ಮಳೆನೀರಿಗೆ ಮೆಲ್ಲಗೆ ಬಿಟ್ಟು ಅಲುಗಿಸದೆ ಇಡಬೇಕು. ಹೆಂಟೆ ಕುಸಿದು ತಳದಲ್ಲಿ ಕೂತು, ನೀರು ತಿಳಿಯಾಗಿಯೇ ಉಳಿದರೆ ಭಯವಿಲ್ಲ. ಸುತ್ತ ಹಾಲಿನಂಥ ಮೋಡ ಕಟ್ಟಿ ಕೆಲವು ಗಂಟೆ ಕಳೆದರೂ ತಿಳಿಯಾಗದಿದ್ದರೆ ಸೋಡಿಯಂ ಕೆಲಸ ಮಾಡುತ್ತಿದೆ ಎಂದರ್ಥ. ಅಂಥಲ್ಲಿ ಮಣ್ಣುಪರೀಕ್ಷೆ ಹೇಳಿದ ಪ್ರಮಾಣದಲ್ಲಿ ಜಿಪ್ಸಂ ಬೆರೆಸಿ ಸಿಹಿನೀರು ಹಾಯಿಸಬೇಕು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ಬಿಡುಗಡೆಯಾದ ಸೋಡಿಯಂ ಹೊರಹೋಗಲು ಬಸಿಗಾಲುವೆ ಇಲ್ಲದಿದ್ದರೆ ಜಿಪ್ಸಂನ ದುಡ್ಡು ವ್ಯರ್ಥ. ಒಲೆಯ ಬೂದಿ ಇಲ್ಲಿ ಗೊಬ್ಬರವಲ್ಲ. ಮೊದಲೇ ಕ್ಷಾರವಾಗಿರುವ ಮಣ್ಣಿಗೆ ಅದು ಕ್ಷಾರವನ್ನೇ ಕೂಡಿಸುತ್ತದೆ.

ಗಿಡ ನೆಡುವಾಗ ಎರೆಯಲ್ಲಿ ಆಗುವ ದೊಡ್ಡ ತಪ್ಪು ಆಳವಾದ ಗುಂಡಿ. ಒಳಗೆ ಸಡಿಲ ಗೊಬ್ಬರ, ಸುತ್ತ ಗಟ್ಟಿ ಜೇಡಿ: ಮಳೆಗಾಲದಲ್ಲಿ ಅದು ನೀರಿನ ತೊಟ್ಟಿಯಾಗಿ, ಪಪ್ಪಾಯಿಯಂಥ ಗಿಡ ಎರಡು ಮೂರು ದಿನದಲ್ಲೇ ಜೋಲುತ್ತದೆ. ಒಂದು, ಒಂದೂವರೆ ಅಡಿ ಎತ್ತರದ ದಿಬ್ಬ ಕಟ್ಟಿ ಅದರ ಮೇಲೆ ನೆಡುವುದು ಲೇಸು. ಬಳ್ಳಾರಿ ನಗರದ ಮಸಾರಿ ಹಿತ್ತಲಲ್ಲಿ ಇದಕ್ಕೆ ತದ್ವಿರುದ್ಧ ಕ್ರಮ: ಎರಡಡಿ ಗುಂಡಿ, ಕೊಳೆತ ತಿಪ್ಪೆಗೊಬ್ಬರ, ಸಿಕ್ಕರೆ ಕೆರೆಯ ಹೂಳು, ತಗ್ಗಾದ ಪಾತಿ. ಎರಡೂ ಕಡೆ ಬುಡಕ್ಕೆ ಹೊದಿಕೆ ಬೇಕು. ಸಿರುಗುಪ್ಪದಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ. ಅದನ್ನು ಗದ್ದೆಯಲ್ಲಿ ಸುಡುವ ಬದಲು ಕಾಂಡದಿಂದ ಗೇಣಗಲ ಬಿಟ್ಟು ಹರಡಿದರೆ ಎರೆ ಬಿರಿಯುವುದು ಕಡಿಮೆಯಾಗುತ್ತದೆ, ಉಪ್ಪು ಮೇಲೇರುವುದೂ ತಗ್ಗುತ್ತದೆ.

ಸೀಮೆಗೆ ಹೊಂದಿದ ಹಣ್ಣುಗಳಲ್ಲಿ ಅಂಜೂರಕ್ಕೆ ಮೊದಲ ಮಣೆ. ‘ಬಳ್ಳಾರಿ’ ಎಂಬ ಹೆಸರಿನ ತಳಿಯೇ ಇದೆ. ಅಂಜೂರ ಸುಣ್ಣದ ಹರಳನ್ನೂ ಮಿತವಾದ ಉಪ್ಪನ್ನೂ ತಾಳುತ್ತದೆ, ನಿಂತ ನೀರನ್ನು ಮಾತ್ರ ಸಹಿಸದು. ಮೂರು ನಾಲ್ಕು ಕಣ್ಣುಗಳಿರುವ, ಅಡಿಯುದ್ದದ ಬಲಿತ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ. ಇಲ್ಲಿ ಬೆಳೆಯುವ ತಳಿಗಳಿಗೆ ಪರಾಗಸ್ಪರ್ಶದ ಹಂಗಿಲ್ಲ, ಒಂಟಿ ಗಿಡವೂ ಕಾಯಿ ಕಟ್ಟುತ್ತದೆ. ಕಾಯಿ ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಮಳೆ ಹಿಂದೆ ಸರಿದ ಮೇಲೆ ಸವರಿದರೆ ಬೇಸಿಗೆಗೆ ಒಳ್ಳೆಯ ಹಣ್ಣು ಸಿಗುತ್ತದೆ. ಮಳೆಗಾಲದ ಹಣ್ಣು ಬಿರಿಯುತ್ತದೆ, ಎಲೆಗೆ ತುಕ್ಕು ರೋಗವೂ ತಗಲುತ್ತದೆ. ತುಕ್ಕು ಹಿಡಿದು ಉದುರಿದ ಎಲೆಯನ್ನು ಬುಡದಲ್ಲಿ ಬಿಡಬಾರದು.

ದಾಳಿಂಬೆಯೂ ಉಪ್ಪು ತಾಳುವ ಗಿಡ. ಆದರೆ 2000ದ ನಂತರ ದುಂಡಾಣು ಅಂಗಮಾರಿ ಉತ್ತರ ಕರ್ನಾಟಕದ ತೋಟಗಳನ್ನೇ ಬರಿದು ಮಾಡಿತು. ರೋಗಮುಕ್ತ ಸಸಿ, ಪ್ರತಿ ಕಡಿತದ ನಂತರ ಶುದ್ಧಿ ಮಾಡಿದ ಕತ್ತರಿ ಇಲ್ಲದೆ ಅದನ್ನು ಹಿತ್ತಲಿಗೆ ತರುವುದು ಸಲ್ಲದು. ಸಪೋಟ ಮತ್ತು ಬಾರೆ ಎರೆಯಲ್ಲಿ ಹೆಚ್ಚು ಕಾಡದೆ ಬೆಳೆಯುತ್ತವೆ. ಸೀತಾಫಲಕ್ಕೆ ಕುರುಗೋಡಿನ ಗುಡ್ಡದ ಬದಿಯ ಕಲ್ಲುಮಿಶ್ರಿತ ಮಸಾರಿಯೇ ಸಾಕು. ಸುಣ್ಣ ಹೆಚ್ಚಿದ ನೆಲದಲ್ಲಿ ನಿಂಬೆಯ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಕಂಡರೆ ಅದು ಕಬ್ಬಿಣದ ಕೊರತೆ. ಅಂಥ ಮಣ್ಣಿಗೆ ಹಾಕಿದ ಕಬ್ಬಿಣದ ಸಲ್ಫೇಟ್ ಬೇಗ ಕರಗದ ರೂಪಕ್ಕೆ ತಿರುಗಿ ಬೇರಿಗೆ ಸಿಗದಿರುವುದರಿಂದ, ತೆಳ್ಳಗೆ ಕರಗಿಸಿ ಎಲೆಗೇ ಸಿಂಪಡಿಸುತ್ತಾರೆ.