ಮೂರನೇ ಓನರ್ ಕೊಟ್ಟ ಸರ್ಟಿಫಿಕೇಟು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಟೊಯೊಟಾ ಗಾಡಿಯನ್ನು ಶೋರೂಮಿನಿಂದಲೇ ಹಾರ ಹಾಕಿಸಿ ತಂದವರು ಕಡಿಮೆ. ಇಲ್ಲಿ ನಾನು ಕಂಡ ಕ್ವಾಲಿಸ್, ಇನ್ನೋವಾಗಳಲ್ಲಿ ಬಹುಪಾಲು ಬೆಂಗಳೂರಿನ ಟ್ರಾವೆಲ್ಸಿನಲ್ಲೋ ಮೈಸೂರಿನ ಡಾಕ್ಟರ ಮನೆಯಲ್ಲೋ ಮೊದಲ ಆಯುಸ್ಸು ಕಳೆದು, ಲಕ್ಷ ಎರಡು ಲಕ್ಷ ಕಿಲೋಮೀಟರ್ ಓಡಿ, ಆಮೇಲೆ ಇತ್ತ ತಿರುಗಿದವು. ಬೇರೆ ಗಾಡಿಯಾದರೆ ಅಷ್ಟು ಹೊತ್ತಿಗೆ ಗುಜರಿಯವನ ಕಣ್ಣು ಬಿದ್ದಿರುತ್ತದೆ. ಇದನ್ನು ಮಾತ್ರ ‘ಇನ್ನೂ ಅಷ್ಟೇ ಓಡ್ತದೆ ಬುಡಣ್ಣ’ ಎಂದು ಮೂರನೇ ಓನರ್ ಧೈರ್ಯವಾಗಿ ಕೊಳ್ಳುತ್ತಾನೆ. ಒಂದು ಕಂಪನಿಯ ಮರ್ಯಾದೆಯನ್ನು ಅಳೆಯುವುದಕ್ಕೆ ಹೊಸ ಗಾಡಿಗಳ ಮಾರಾಟದ ಪಟ್ಟಿಗಿಂತ ಈ ಧೈರ್ಯವೇ ಒಳ್ಳೆಯ ಅಳತೆಗೋಲು ಎಂದು ನಾನು ನಂಬಿದ್ದೇನೆ.

ಕಂಪನಿಯ ಮೂಲ ಇರುವುದು ಮಗ್ಗದಲ್ಲಿ. 1867ರಲ್ಲಿ ಬಡಗಿಯೊಬ್ಬರ ಮಗನಾಗಿ ಹುಟ್ಟಿದ ಸಕಿಚಿ ಟೊಯೊಡಾ ಜೀವಮಾನವೆಲ್ಲ ಮಗ್ಗ ಸುಧಾರಿಸುವುದರಲ್ಲೇ ಕಳೆದವರು. 1924ರ ಅವರ ‘ಜಿ’ ಮಾದರಿಯ ಮಗ್ಗದಲ್ಲಿ ಎರಡು ಗುಣಗಳಿದ್ದವು: ಓಡುತ್ತಿರುವಾಗಲೇ ಲಾಳಿ ಬದಲಾಗುತ್ತಿತ್ತು, ಒಂದು ಎಳೆ ಕಡಿದರೂ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯುವುದಕ್ಕಿಂತ ನೇಯದೆ ನಿಲ್ಲುವುದೇ ಮೇಲು ಎಂಬ ಈ ಬುದ್ಧಿ ಮುಂದೆ ಕಾರಿಗೂ ಬಂತು. 1926ರಲ್ಲಿ ಮಗ್ಗದ ಕಂಪನಿ ಹುಟ್ಟಿತು. 1929ರಲ್ಲಿ ಆ ಮಗ್ಗದ ಹಕ್ಕಿಗಾಗಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಒಪ್ಪಂದ ಮಾಡಿಕೊಂಡಿತು. ಲ್ಯಾಂಕಶೈರಿನ ಯಂತ್ರಗಳು ಲೋಕವನ್ನೇ ಆಳುತ್ತಿದ್ದ ಕಾಲದಲ್ಲಿ ಲ್ಯಾಂಕಶೈರಿನವರೇ ಜಪಾನಿಗೆ ಹೋಗಿ ಹಕ್ಕು ಕೇಳಿದರೆಂಬುದು ಸಣ್ಣ ಸಂಗತಿಯಲ್ಲ. ಸಕಿಚಿಯ ಮಗ ಕಿಯಿಚಿರೊ 1933ರಲ್ಲಿ ಮಗ್ಗದ ಕಂಪನಿಯೊಳಗೇ ಮೋಟಾರು ವಿಭಾಗ ತೆರೆದರು. 1936ರಲ್ಲಿ ‘ಎಎ’ ಕಾರು ಹೊರಬಂತು, 1937ರಲ್ಲಿ ಟೊಯೊಟಾ ಮೋಟಾರ್ ಪ್ರತ್ಯೇಕ ಕಂಪನಿಯಾಯಿತು.

ಅವೇ ವರ್ಷಗಳಲ್ಲಿ ನಮ್ಮ ಕಡೆಯೂ ಒಬ್ಬರು ಕಾರಿನ ಕನಸು ಕಾಣುತ್ತಿದ್ದರು. ದಿವಾನಗಿರಿ ಬಿಟ್ಟು ವರ್ಷಗಳೇ ಕಳೆದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ, ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿ, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಬ್ರಿಟಿಷ್ ಸರ್ಕಾರದ ಒತ್ತಾಸೆ ಸಿಗಲಿಲ್ಲ. ಕೊನೆಗೆ ವಾಲಚಂದ್ ಹಿರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು, ಅದೂ ಮುಂಬೈಯಲ್ಲಿ. ಜಪಾನಿನಲ್ಲಿ ಇದೇ ಹೊತ್ತಿಗೆ, 1936ರಲ್ಲಿ, ಸ್ವದೇಶಿ ಕಾರು ತಯಾರಕರಿಗೆ ಕಾವಲು ಕೊಡುವ ಕಾನೂನೇ ಬಂತು. ಮೂರು ವರ್ಷದಲ್ಲಿ ಫೋರ್ಡ್, ಜನರಲ್ ಮೋಟಾರ್ಸ್ ಅಲ್ಲಿಂದ ಗಂಟುಮೂಟೆ ಕಟ್ಟಿದವು. ಜಪಾನಿಯರ ಶಿಸ್ತು, ದುಡಿಮೆ ಎಂದು ನಾವು ಭಾಷಣದಲ್ಲಿ ಹೇಳುವುದೆಲ್ಲ ಸರಿಯೇ. ಆದರೆ ಸರ್ಕಾರ ಬೆನ್ನಿಗೆ ನಿಂತದ್ದನ್ನು ಮರೆತು ಹೇಳಿದರೆ ಆ ಕಥೆ ಅರ್ಧವಾಗುತ್ತದೆ.

ಯುದ್ಧ ಮುಗಿದ ಮೇಲೆ ಟೊಯೊಟಾ ಮುಳುಗುವ ಸ್ಥಿತಿಗೆ ಬಂದಿತ್ತು. 1950ರಲ್ಲಿ ಕೆಲಸಗಾರರನ್ನು ತೆಗೆದುಹಾಕಬೇಕಾಗಿ ಬಂದು, ದೊಡ್ಡ ಮುಷ್ಕರವಾಗಿ, ಕಿಯಿಚಿರೊ ರಾಜೀನಾಮೆ ಕೊಟ್ಟರು. ಅದೇ ವರ್ಷ ಶುರುವಾದ ಕೊರಿಯಾ ಯುದ್ಧದ ಟ್ರಕ್ಕುಗಳ ಆರ್ಡರು ಕಂಪನಿಯನ್ನು ದಡ ಸೇರಿಸಿತು. ಕೈಯಲ್ಲಿ ಕಾಸಿಲ್ಲದ ಆ ಕಾಲದಲ್ಲೇ ತೈಯಿಚಿ ಓನೊ ಎಂಬ ಎಂಜಿನಿಯರು ಬಿಡಿಭಾಗಗಳನ್ನು ಗೋದಾಮಿನಲ್ಲಿ ಪೇರಿಸಿಡದೆ, ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳುವ ಪದ್ಧತಿಯನ್ನು ರೂಢಿಗೆ ತಂದರು. ಮಗ್ಗದ ಬುದ್ಧಿ ಕಾರ್ಖಾನೆಯ ಸಾಲಿಗೂ ಇಳಿಯಿತು: ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದರೆ ದೀಪ ಹತ್ತುತ್ತದೆ, ಮೇಸ್ತ್ರಿ ಓಡಿ ಬರುತ್ತಾನೆ, ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮುಂದೆ ರಾತ್ರಿ ಕೂತವನು ಶಾಖ ಏರಿದ್ದು ಕಂಡರೆ ಯಜಮಾನನನ್ನು ಎಬ್ಬಿಸಿ ಕೇಳುತ್ತಾ ಕೂರುವುದಿಲ್ಲ, ಸೌದೆ ಎಳೆದುಬಿಡುತ್ತಾನೆ. ಆ ಅಧಿಕಾರವನ್ನೇ ಓನೊ ಕಾರ್ಖಾನೆಯ ಕಟ್ಟಕಡೆಯ ಆಳಿಗೆ ಕೊಟ್ಟರು.

1957ರಲ್ಲಿ ಅಮೆರಿಕಕ್ಕೆ ಕಳಿಸಿದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗಕ್ಕೆ ಏದುಸಿರು ಬಿಟ್ಟಿತು. 1966ರ ಕೊರೊಲ್ಲಾ ಆ ಅವಮಾನ ತೊಳೆಯಿತು. 1989ರಲ್ಲಿ ಲೆಕ್ಸಸ್, 1997ರಲ್ಲಿ ಪ್ರಿಯಸ್. ಇದನ್ನೆಲ್ಲ ಬರೆದವರು ಬೇಕಾದಷ್ಟಿದ್ದಾರೆ.

ನಮ್ಮ ನಾಲ್ಕು ತಾಲ್ಲೂಕಿಗೆ ಜಪಾನ್ ಮೊದಲು ಬಂದದ್ದು ಮಾರುತಿಯ ರೂಪದಲ್ಲಿ. 1984ರಲ್ಲಿ ಬಂದ ಮಾರುತಿ ವ್ಯಾನ್, ಅಂದರೆ ಓಮ್ನಿ, ಸ್ಕೂಲ್ ಮಕ್ಕಳನ್ನೂ ಬಾಣಂತಿಯರನ್ನೂ ಹೊತ್ತು ತಿರುಗಿತು. ಟೊಯೊಟಾ ಕೂಡ 1980ರ ದಶಕದಲ್ಲೇ ಡಿಸಿಎಂ ಜತೆ ಸೇರಿ ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಡೈನಾ ಎಂಬ ಸಣ್ಣ ಲಾರಿ ತಯಾರಿಸಿ ನೋಡಿತ್ತು. ಅದು ಊರ್ಜಿತವಾಗಲಿಲ್ಲ, ಆ ಕಾರ್ಖಾನೆ ಡೇವೂ ಪಾಲಾಯಿತು. ಇತ್ತ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಯೆಜ್ಡಿಯ ಸದ್ದನ್ನು ಊರಾಚೆಯೇ ಗುರುತಿಸುತ್ತಿದ್ದ ತಲೆಮಾರಿಗೆ ‘ನಮ್ಮ ಕಡೆಯ ಗಾಡಿ’ ಎನ್ನುವ ಹೆಮ್ಮೆ ಅಲ್ಲಿಗೆ ನಿಂತುಹೋಯಿತು.

ಮರುವರ್ಷವೇ ಟೊಯೊಟಾ ಬಿಡದಿಗೆ ಬಂತು. ಕೈಹಿಡಿದು ತಂದವರು ಕಿರ್ಲೋಸ್ಕರ್ ಮನೆತನದವರು. ಕೆ.ಆರ್. ನಗರದ ಗದ್ದೆಗಳಲ್ಲಿ ಆ ಹೆಸರನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ, ಪಂಪ್‌ಸೆಟ್ಟಿನ ಮೇಲೇ ಬರೆದಿರುತ್ತದೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1941ರಲ್ಲಿ ಹರಿಹರದಲ್ಲಿ ಮೈಸೂರ್ ಕಿರ್ಲೋಸ್ಕರ್ ಕಟ್ಟಿ ಲೇಥ್ ಯಂತ್ರ ತಯಾರಿಸಿತ್ತು. ಅವರ ಮರಿಮಗ ವಿಕ್ರಮ್ ಕಿರ್ಲೋಸ್ಕರ್ ಜಪಾನಿಯರ ಜತೆ ಮೊದಲು ಕೈಕುಲುಕಿದ್ದು ಕಾರಿಗಲ್ಲ, 1995ರಲ್ಲಿ ಜಿಗಣಿಯಲ್ಲಿ ಜವಳಿ ಯಂತ್ರ ತಯಾರಿಸಲು. ಅಲ್ಲಿ ವಿಶ್ವಾಸ ಕುದುರಿ, 1997ರ ಅಕ್ಟೋಬರಿನಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಬಿಡದಿಯಲ್ಲಿ 432 ಎಕರೆ ಜಾಗ. 1999ರ ಕೊನೆಗೆ ತಯಾರಿಕೆ ಶುರುವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ರಸ್ತೆಗಿಳಿಯಿತು.

ನೋಡಿದ ಪತ್ರಿಕೆಯವರು ಮೂಗು ಮುರಿದರು. ಮುರಿಯುವುದಕ್ಕೆ ಕಾರಣವಿತ್ತು. ಇಂಡೊನೇಷ್ಯಾದಲ್ಲಿ ‘ಕಿಜಾಂಗ್’ ಹೆಸರಿನಲ್ಲಿ ಓಡಿ ಹಳತಾಗಿದ್ದ ಮಾದರಿಯನ್ನೇ ತಿದ್ದಿ ತೀಡಿ ಇಲ್ಲಿಗೆ ಕೊಟ್ಟಿದ್ದರು. ಪೆಟ್ಟಿಗೆಯಂಥ ಆಕಾರ, ಲಾರಿಯಂತೆ ಚಾಸಿ, ಹಿಂದೆ ಪಟ್ಟಿ ಸ್ಪ್ರಿಂಗು, ಟರ್ಬೊ ಇಲ್ಲದ 2.4 ಲೀಟರಿನ ಡೀಸೆಲ್ ಎಂಜಿನ್. ಕಾಗದದ ಮೇಲೆ ಇದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇರಲಿಲ್ಲ. ಆದರೆ ಅಷ್ಟರವರೆಗೆ ಟ್ರ್ಯಾಕ್ಸ್, ಸುಮೋಗಳಲ್ಲಿ ಮೈಕೈ ನೋಯಿಸಿಕೊಂಡಿದ್ದ ಜನಕ್ಕೆ ಅದರ ಸ್ಟಿಯರಿಂಗು ಹಗುರ, ಗೇರು ನಯ, ಏಸಿ ನಿಜವಾಗಿಯೂ ತಣ್ಣಗೆ. ಟರ್ಬೊ ಇಲ್ಲ ಅಂದಮೇಲೆ ಟರ್ಬೊ ಕೆಡುವ ಭಯವೂ ಇಲ್ಲ. ಹಳೆಯದನ್ನು ಕೊಟ್ಟರೆಂದು ಬೈದವರಿಗೆ ಹೊಳೆಯದ ಮಾತೆಂದರೆ, ಕೆಡುವ ಜಾಗಗಳೆಲ್ಲ ಬೇರೆ ದೇಶದಲ್ಲಿ ಆಗಲೇ ಕೆಟ್ಟು, ದುರಸ್ತಿಯಾಗಿ ಬಂದಿದ್ದವು.

ಈ ಸೀಮೆಯಲ್ಲಿ ಅದು ಬೇರೂರಿದ್ದಕ್ಕೆ ಇಲ್ಲಿನ ಹಣದ ಹರಿವಿಗೂ ನಂಟಿದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಎಚ್.ಡಿ. ಕೋಟೆಯ ತಂಬಾಕು ಹರಾಜು ಕಟ್ಟೆಗಳು ಸೆಪ್ಟೆಂಬರ್ ಅಕ್ಟೋಬರಿನ ಸುಮಾರಿಗೆ ಶುರುವಾಗುತ್ತವೆ. ಬೇಲು ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಕಾರ್ತಿಕ ಮಾಸ, ಅಯ್ಯಪ್ಪನ ಮಾಲೆ, ಮುಂದೆ ಮದುವೆ ಕಾಲ. ಶಬರಿಮಲೆ, ಧರ್ಮಸ್ಥಳ, ಮೇಲ್ಮರುವತ್ತೂರು ಎಂದು ಊರೂರಿಂದ ಗಾಡಿ ಹೊರಡುತ್ತವೆ. ಹತ್ತು ಜನ ಹಿಡಿಸಿ, ಮೇಲೆ ಕ್ಯಾರಿಯರ್ ಕಟ್ಟಿ, ರಾತ್ರಿಯಿಡೀ ಘಾಟಿ ಹತ್ತಿಳಿದು, ಬೆಳಿಗ್ಗೆ ಮತ್ತೊಂದು ಟ್ರಿಪ್ಪಿಗೆ ನಿಲ್ಲುವ ಗಾಡಿ ಬೇಕಿತ್ತು. ಮೈಸೂರು–ಮಡಿಕೇರಿ ರಸ್ತೆ ಹುಣಸೂರು, ಬೈಲುಕುಪ್ಪೆ ಮೇಲೆಯೇ ಹಾದುಹೋಗುವುದರಿಂದ, ಟಿಬೆಟನ್ನರ ಚಿನ್ನದ ದೇಗುಲಕ್ಕೂ ಕೊಡಗಿಗೂ ಹೋಗುವ ಟೂರಿಸ್ಟರ ಬಾಡಿಗೆ ವರ್ಷವಿಡೀ ಉಂಟು. ಬಾಡಿಗೆಗೆ ನಿಂತ ಗಾಡಿ ದಾರಿಯಲ್ಲಿ ಕೈಕೊಟ್ಟರೆ ರಿಪೇರಿ ಖರ್ಚಿಗಿಂತ ಮುರಿದುಹೋದ ಗಿರಾಕಿಯ ನಷ್ಟವೇ ದೊಡ್ಡದು. ಕ್ವಾಲಿಸ್ ಕೈಕೊಡುತ್ತಿರಲಿಲ್ಲ.

ಚೆನ್ನಾಗಿ ಓಡುತ್ತಿದ್ದ ಆ ಗಾಡಿಯನ್ನು ಕಂಪನಿ ತಾನೇ ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದಿತು. ಮಾರಾಟವಾಗುತ್ತಿರುವ ಸರಕನ್ನು ಕೈಯಾರೆ ನಿಲ್ಲಿಸುವವರುಂಟೆ ಎಂದು ಆಗ ನಕ್ಕವರಿದ್ದರು. ಹೊಸ ಗಾಡಿ ಒಂದೆರಡು ವರ್ಷದಲ್ಲೇ ಆ ನಗು ನಿಲ್ಲಿಸಿತು.

ಹಳೇ ಇನ್ನೋವಾ ಕೊಳ್ಳುವ ಕ್ರಮವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಜತೆಗೆ ಬಂದ ಮೆಕ್ಯಾನಿಕ್ ಮೀಟರನ್ನು ನೋಡುವುದೇ ಇಲ್ಲ. ಅದನ್ನು ತಿರುಗಿಸುವುದು ಎಷ್ಟು ಸುಲಭ ಎಂದು ಅವನಿಗೆ ಗೊತ್ತು. ಕ್ಲಚ್ ಪೆಡಲಿನ ರಬ್ಬರು ಸವೆದು ನುಣುಪಾಗಿದೆಯೇ, ಸ್ಟಿಯರಿಂಗಿನ ಮೇಲ್ಭಾಗ ಹೊಳೆಯುತ್ತಿದೆಯೇ ಎಂದು ಬೆರಳಾಡಿಸುತ್ತಾನೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಬುಡದ ಚೀಟಿಯಲ್ಲಿರುವ ವರ್ಷವನ್ನು ಆರ್‌ಸಿಗೆ ತಾಳೆ ನೋಡುತ್ತಾನೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು, ಹೊಗೆ ಹೊಮ್ಮುತ್ತದೆಯೇ ಎಂದು ಅಂಗೈ ಹಿಡಿಯುತ್ತಾನೆ. ಕೊನೆಯ ಪ್ರಶ್ನೆ: ‘ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು?’ ಆ 2.5 ಲೀಟರ್ ಎಂಜಿನ್ನಿಗೆ ಒಂದೂವರೆ ಲಕ್ಷ ಕಿಲೋಮೀಟರಿಗೊಮ್ಮೆ ಬೆಲ್ಟ್ ಬದಲಿಸಬೇಕು. ಹೊತ್ತಾಯಿತೆಂದು ನೆನಪಿಸಲು ಡ್ಯಾಶ್‌ಬೋರ್ಡಿನಲ್ಲಿ ದೀಪವೇ ಇದೆ. ಬೆಲ್ಟ್ ಕಡಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಕಥೆ ಮುಗಿಯುತ್ತದೆ. ಅಂದರೆ ಟೊಯೊಟಾ ಕೆಡುವುದೇ ಇಲ್ಲ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಯಾವುದು, ಯಾವಾಗ ಕೆಡುತ್ತದೆ ಎಂದು ಅದು ಮೊದಲೇ ಹೇಳುತ್ತದೆ, ಹೇಳಿದಂತೆ ನಡೆದುಕೊಂಡವನಿಗೆ ಮೋಸ ಮಾಡುವುದಿಲ್ಲ. ಸಣ್ಣ ಊರಿನ ಗ್ಯಾರೇಜಿನವನಿಗೆ ಬೇಕಾದದ್ದೂ ಅಷ್ಟೇ.

2009ರಲ್ಲಿ ಬಂದ ಫಾರ್ಚುನರ್‌ನದು ಬೇರೆಯೇ ಖ್ಯಾತಿ. ಅದು ದುಡಿಯುವ ಗಾಡಿಯಲ್ಲ. ಜಿಲ್ಲಾ ಪಂಚಾಯ್ತಿ ಟಿಕೆಟ್ ಆಕಾಂಕ್ಷಿಯೊಬ್ಬ ಊರಿಗೆ ಬಂದದ್ದನ್ನು ಸಾರುವ ಗಾಡಿ. 2010ರ ಕೊನೆಯ ಇಟಿಯೊಸ್ ಮಾತ್ರ ಇಲ್ಲಿ ಮನೆಯ ಕಾರಾಗಿ ಅಷ್ಟಾಗಿ ಹತ್ತಲಿಲ್ಲ, ಟ್ಯಾಕ್ಸಿಯಾಗಿ ಬದುಕಿತು.

ಇಷ್ಟೆಲ್ಲ ಹೊಗಳಿದ ಮೇಲೆ ಬಿಡದಿ ಗೇಟಿನ ಇನ್ನೊಂದು ಬದಿಯನ್ನೂ ನೋಡಬೇಕಾಗುತ್ತದೆ. 2006ರ ಜನವರಿಯಲ್ಲಿ ಮುಷ್ಕರ, ಲಾಕೌಟ್. 2014ರ ಮಾರ್ಚಿನಲ್ಲಿ ಸಂಬಳದ ಮಾತುಕತೆ ಮುರಿದು ಮತ್ತೆ ಲಾಕೌಟ್. 2020ರ ನವೆಂಬರಿನಲ್ಲಿ ಯೂನಿಯನ್ ಪದಾಧಿಕಾರಿಯೊಬ್ಬರ ಅಮಾನತಿನಿಂದ ಕಿಡಿ ಹೊತ್ತಿ, ಕೆಲಸದ ಒತ್ತಡದ ದೂರು ಬೀದಿಗೆ ಬಂದು, ಬಿಕ್ಕಟ್ಟು ತಿಂಗಳುಗಟ್ಟಲೆ ಎಳೆಯಿತು. ತಪ್ಪು ಕಂಡರೆ ಹಗ್ಗ ಎಳೆಯಲು ಕೆಲಸಗಾರನಿಗೆ ಹಕ್ಕು ಕೊಟ್ಟ ಕಂಪನಿಯಲ್ಲೇ ಕೆಲಸದ ವೇಗ ಹೆಚ್ಚಾಯಿತೆಂದು ಹೇಳಲು ಗೇಟಿನ ಹೊರಗೆ ಕೂರಬೇಕಾಯಿತು ಎಂಬುದನ್ನು ನಾನಂತೂ ಸಣ್ಣದೆಂದು ತಳ್ಳಿಹಾಕಲಾರೆ. ಇದೇ ಕಂಪನಿ 2007ರಿಂದ ಬಿಡದಿಯಲ್ಲಿ, ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳಿಗೆ ಮೂರು ವರ್ಷ ಊಟ ವಸತಿ ಕೊಟ್ಟು ತಾಂತ್ರಿಕ ಶಿಕ್ಷಣ ಕೊಡುತ್ತಿದೆ. ಆ ಲೆಕ್ಕವೂ ಇರಲಿ.

ಹೆಸರಿಗೆ ಪೆಟ್ಟು ಬಿದ್ದ ಸಂದರ್ಭಗಳೂ ಇವೆ. ತನ್ನಿಂತಾನೇ ವೇಗ ಏರುತ್ತದೆ ಎಂಬ ದೂರುಗಳಿಂದ ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಿ, 2010ರ ಫೆಬ್ರುವರಿಯಲ್ಲಿ ಕಂಪನಿಯ ಆಗಿನ ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕೂತು ಕ್ಷಮೆ ಕೇಳಿದರು. ಅದು ದೂರದ ಸುದ್ದಿ. 2024ರ ಜನವರಿಯದು ಹಾಗಲ್ಲ. ಡೀಸೆಲ್ ಎಂಜಿನ್‌ಗಳ ಶಕ್ತಿ ಪರೀಕ್ಷೆಯಲ್ಲಿ ಅಕ್ರಮ ನಡೆದಿದೆ ಎಂದು ಜಪಾನಿನಲ್ಲಿ ಹೊರಬಿದ್ದು, ಇಲ್ಲಿಯೂ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ರವಾನೆ ಕೆಲವು ದಿನ ನಿಂತಿತು. ಅಕ್ರಮ ನಡೆದದ್ದು ಟೊಯೊಟಾ ಇಂಡಸ್ಟ್ರೀಸ್‌ನಲ್ಲಿ: 1926ರಲ್ಲಿ ಹುಟ್ಟಿದ ಅದೇ ಮಗ್ಗದ ಕಂಪನಿ.

ಈಗ ಟೊಯೊಟಾ ಹೆಸರನ್ನು ಬಾಡಿಗೆಗೂ ಬಿಡಲಾಗಿದೆ. 2019ರ ಗ್ಲಾನ್ಜಾ ಮೈಯೆಲ್ಲ ಮಾರುತಿ ಬಲೆನೊ, ಮೂತಿಯಲ್ಲಿ ಮಾತ್ರ ಟೊಯೊಟಾ ಗುರುತು. ಪ್ರತಿಯಾಗಿ 2022ರಲ್ಲಿ ಬಿಡದಿಯಲ್ಲಿ ಹೈರೈಡರ್ ಜತೆಗೆ ಮಾರುತಿಯ ಗ್ರ್ಯಾಂಡ್ ವಿಟಾರವೂ ತಯಾರಾಯಿತು. ಮಾರುತಿಯ ಹಿಂದಿರುವ ಸುಜುಕಿ ಕೂಡ 1909ರಲ್ಲಿ ಮಗ್ಗ ಮಾಡುತ್ತ ಶುರುವಾದ ಕಂಪನಿಯೇ, ಬೀಗರು ಹೊರಗಿನವರೇನಲ್ಲ. ಹುಣಸೂರಿನ ಮೆಕ್ಯಾನಿಕ್ ಮಾತ್ರ ಬಾನೆಟ್ ಎತ್ತಿ, ‘ಇದು ನಮ್ಮ ಸ್ವಿಫ್ಟ್ ಸಾಮಾನೇ’ ಎಂದು ಮುಚ್ಚುತ್ತಾನೆ. ಸಾಮಾನು ಅಗ್ಗವಾಗಿ ಸಿಗುತ್ತದೆ ಎಂದು ಅವನಿಗೆ ಸಂತೋಷವೇ.

ನಿಜವಾದ ಪರೀಕ್ಷೆ ಇರುವುದು 2022ರ ಕೊನೆಗೆ ಬಂದ ಇನ್ನೋವಾ ಹೈಕ್ರಾಸ್‌ನಲ್ಲಿ. ಲಾರಿಯಂಥ ಚಾಸಿ ಹೋಯಿತು, ಹಿಂದಿನ ಚಕ್ರ ಎಳೆಯುವುದು ಹೋಯಿತು, ಡೀಸೆಲ್ಲೂ ಹೋಯಿತು. ಪೆಟ್ರೋಲ್ ಎಂಜಿನ್, ಜತೆಗೆ ಹೈಬ್ರಿಡ್ ಬ್ಯಾಟರಿ. 2023ರಲ್ಲಿ ರಾಜ್ಯ ಸರ್ಕಾರ ಸಚಿವರಿಗೆಂದು 33 ಹೈಕ್ರಾಸ್ ಕೊಳ್ಳಲು ಒಪ್ಪಿತು. ಸ್ಟ್ಯಾಂಡಿನ ಡ್ರೈವರುಗಳು ಇನ್ನೂ ಡೀಸೆಲ್ ಕ್ರಿಸ್ಟಾವನ್ನೇ ಹುಡುಕುತ್ತಾರೆ. ಹೈಬ್ರಿಡ್ ಬ್ಯಾಟರಿಗೆ ಕಂಪನಿಯ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಟೂರಿಸ್ಟ್ ಗಾಡಿ ಆ ಕಿಲೋಮೀಟರನ್ನು ಮೂರು ನಾಲ್ಕು ವರ್ಷದಲ್ಲಿ ಮುಗಿಸುತ್ತದೆ. ಇಲ್ಲಿಯವರೆಗೆ ಎಚ್.ಡಿ. ಕೋಟೆಯ ಗಿರಾಕಿ ಟೊಯೊಟಾ ಕೊಳ್ಳಲು ಬರುತ್ತಿದ್ದುದು ಸರಿಯಾಗಿ ಅಲ್ಲಿಂದಾಚೆಗೆ. ಬೆಲ್ಟಿನ ಪ್ರಶ್ನೆ ಕೇಳಿ, ಅಂಗೈ ಹಿಡಿದು ಹೊಗೆ ನೋಡಿ, ಬೆಲೆ ಕಟ್ಟುತ್ತಿದ್ದ ಮೆಕ್ಯಾನಿಕ್‌ಗೆ ಈ ಬ್ಯಾಟರಿಯನ್ನು ಹೇಗೆ ನೋಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ‘ಶೋರೂಮ್‌ಗೇ ಹಾಕ್ಸಿ ಚೆಕ್ ಮಾಡಿಸ್ಬಿಡಿ ಸಾರ್, ಆಮೇಲೆ ವ್ಯಾಪಾರ ಮಾತಾಡಿ’ ಎಂದು ಅವನು ಸದ್ಯಕ್ಕೆ ಪಕ್ಕಕ್ಕೆ ಸರಿಯುತ್ತಾನೆ.