ಕುದುರೆಮುಖ: ಹುಲ್ಲುಬೆಟ್ಟದ ದಾರಿಯಲ್ಲಿ ನಮ್ಮ ಸೀಮೆಯ ಚರಿತ್ರೆ

ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ನಮ್ಮ ಸೀಮೆಯ ಚರಿತ್ರೆಯ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಬಹಳ ವರ್ಷ ಇಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ದಿಲ್ಲಿಯ ಸುಲ್ತಾನರ ಬಗ್ಗೆ ಹೇಳಿದಷ್ಟು ನಮ್ಮ ಬೆಟ್ಟದ ಬಗ್ಗೆ ಮಕ್ಕಳಿಗೆ ಹೇಳಲಿಲ್ಲವಲ್ಲ ಎಂಬ ಕೊರಗು ಉಳಿದಿದೆ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಕುದುರೆಮುಖ ಶಿಖರಕ್ಕೆ ಹೋಗುವವರು ಕಳಸ–ಕುದುರೆಮುಖ ರಸ್ತೆಯ ಬಾಳೆಗಲ್ಲಿನಿಂದ ಜೀಪಿನಲ್ಲಿ ಮುಳ್ಳೋಡಿಗೆ ಬಂದು ಅಲ್ಲಿಂದ ನಡೆಯಬೇಕು. ಹೋಗಲು ಸುಮಾರು ಒಂಬತ್ತು ಕಿಲೋಮೀಟರ್, ಬರಲು ಅಷ್ಟೇ. ಅರಣ್ಯ ಇಲಾಖೆಯ ಅನುಮತಿ ಬೇಕು, ಕತ್ತಲಾಗುವುದರೊಳಗೆ ಇಳಿಯಬೇಕು. ಮಳೆಗಾಲವಾದರೆ ಇಂಬಳಗಳು ಕಾಲು ಬಿಡುವುದಿಲ್ಲ. ಹಳ್ಳಗಳನ್ನು ದಾಟಿ, ಪಾಳುಬಿದ್ದ ಲೋಬೋ ಮನೆಯನ್ನೂ ಒಂಟಿಮರವನ್ನೂ ಹಿಂದೆ ಹಾಕಿದ ಮೇಲೆ ಬಯಲು ಬಯಲಾದ ಹುಲ್ಲಿನ ಏಣು ಸಿಗುತ್ತದೆ. ಎತ್ತ ನೋಡಿದರೂ ಅಲೆಯ ಮೇಲೆ ಅಲೆ ಬಂದಂತೆ ಹಸಿರು ಗುಡ್ಡಗಳು. ಅವುಗಳ ಮಡಿಲಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು.

ಶಿಖರದ ಎತ್ತರ ಸುಮಾರು 1,890 ಮೀಟರ್. ಪಶ್ಚಿಮಕ್ಕೆ ಬೆಟ್ಟ ಕಡಿದಾಗಿ ಇಳಿಯುತ್ತದೆ. ಮಂಜು ಸರಿದ ದಿನ ಕರಾವಳಿಯ ಬಯಲು ಕಾಣುತ್ತದೆ. ಆ ಕಡೆಯಿಂದ ನೋಡಿದವರಿಗೆ ಇದು ಕುದುರೆಯ ಮುಖದಂತೆ ಕಂಡು ಈ ಹೆಸರು ಬಂತು. ಸಂಸೆಯ ಕಡೆಯಿಂದ ಹತ್ತುತ್ತಿದ್ದುದರಿಂದ ಇದಕ್ಕೆ ಸಂಸೆಪರ್ವತ ಎಂಬ ಹಳೆಯ ಹೆಸರೂ ಇದೆ.

ಮೇಲೆ ನಿಂತಾಗ ಘಟ್ಟದ ಮೇಲಿನವರು, ಕೆಳಗಿನವರು ಎಂಬ ಭೇದ ಅಷ್ಟು ದೊಡ್ಡದೆನಿಸುವುದಿಲ್ಲ. ಕಳಸ–ಕಾರ್ಕಳದ ಭೈರರಸರು ಎರಡೂ ಕಡೆಯನ್ನು ಆಳಿದವರು. 1432ರಲ್ಲಿ ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಆ ವಂಶದವನೇ. ಬ್ರಿಟಿಷರ ಕಾಲದಲ್ಲಿ ಇದೇ ಬೆಟ್ಟ ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೂ ಗಡಿಯಾಯಿತು. ಕೆಳಗಿನ ಸೆಕೆ ತಾಳಲಾರದ ದಕ್ಷಿಣ ಕನ್ನಡದ ಅಧಿಕಾರಿಗಳು ಆರೋಗ್ಯ ಸುಧಾರಿಸಿಕೊಳ್ಳಲು ಇಲ್ಲೊಂದು ಬಂಗಲೆ ಇಟ್ಟುಕೊಂಡಿದ್ದರು.

ನಮ್ಮ ತಲೆಮಾರಿಗೆ ಗೊತ್ತಿರುವ ಕುದುರೆಮುಖವೇ ಬೇರೆ. ಈ ಸೀಮೆಯ ಕಬ್ಬಿಣದ ಅದಿರನ್ನು 1913ರಲ್ಲೇ ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. 1975ರಲ್ಲಿ ಇರಾನಿನೊಂದಿಗೆ ಒಪ್ಪಂದವಾಯಿತು; 1976ರಲ್ಲಿ ಕಂಪನಿ ಹುಟ್ಟಿತು. ನಮ್ಮ ಶಾಲೆ ಶುರುವಾದದ್ದೂ ಅದರ ಆಸುಪಾಸಿನಲ್ಲೇ. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ಉಳಿದ ಹೂಳನ್ನು ನಿಲ್ಲಿಸಲು ಲಖ್ಯಾ ಅಣೆಕಟ್ಟು ಎದ್ದಿತು. 1979ರ ಕ್ರಾಂತಿಯ ನಂತರ ಇರಾನ್ ಅದಿರು ಕೊಳ್ಳಲಿಲ್ಲ; ಬೇರೆ ದೇಶಗಳು ಕೊಂಡವು. ಕಾಡಿನ ನಡುವೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣವಿರುವ ಪಟ್ಟಣವೇ ಬೆಳೆಯಿತು.

1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಗಣಿಯ ಹೂಳು ಭದ್ರೆಗೆ ಸೇರುತ್ತಿದೆ ಎಂದು ಪರಿಸರ ಹೋರಾಟಗಾರರು ದನಿಯೆತ್ತಿದರು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು; 2005ರ ಕೊನೆಗೆ ಗಣಿ ನಿಂತಿತು.

ಆ ದಿನಗಳಲ್ಲಿ ನಮ್ಮ ಸ್ಟಾಫ್ ರೂಮಿನಲ್ಲೂ ಎರಡು ಪಕ್ಷಗಳಿದ್ದವು. ನಾನು ಗಣಿ ನಿಲ್ಲಬೇಕೆಂದವನು. ಆದರೆ ಮರುವರ್ಷ ಗುತ್ತಿಗೆ ಕಾರ್ಮಿಕರ ಮಕ್ಕಳು ಒಬ್ಬೊಬ್ಬರಾಗಿ ಟಿ.ಸಿ. ಕೇಳಲು ಬಂದರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ, "ಸಾರ್, ಹೊಸ ಊರಿನ ಹೆಸರು ಇನ್ನೂ ಗೊತ್ತಿಲ್ಲ. ಅಪ್ಪ ಕೆಲಸ ಹುಡುಕ್ತಾ ಇದ್ದಾರೆ," ಎಂದ. ಅವನಿಗೆ ಹೇಳಲು ನನ್ನಲ್ಲಿ ಮಾತಿರಲಿಲ್ಲ. ಗಣಿ ನಿಂತದ್ದು ಸರಿ ಎಂದೇ ಇಂದಿಗೂ ನಂಬಿದ್ದೇನೆ. ಅದರ ಬೆಲೆ ತೆತ್ತವರಲ್ಲಿ ಆ ಹುಡುಗನೂ ಒಬ್ಬ ಎಂಬುದನ್ನು ಮರೆತಿಲ್ಲ.

ಮರವಿಲ್ಲದ ಗುಡ್ಡ ಬಂಜರು ಎಂದು ನಾವೆಲ್ಲ ಬಹುಕಾಲ ತಿಳಿದಿದ್ದೆವು. ಅದು ತಪ್ಪು. ಮಳೆಯನ್ನು ಹುಲ್ಲು ತಡೆದು ನೆಲಕ್ಕಿಳಿಸುತ್ತದೆ, ಶೋಲಾ ಕಾಡು ಹಿಡಿದಿಟ್ಟು ಬೇಸಿಗೆಯಲ್ಲೂ ಹಳ್ಳಕ್ಕೆ ಬಿಡುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ನಮ್ಮ ಗದ್ದೆ, ಅಡಿಕೆ ತೋಟಗಳಷ್ಟೇ ಅಲ್ಲ, ಮುಖ ನೋಡದ ದೂರದ ಬಯಲುಸೀಮೆಯವರ ಬದುಕೂ ಈ ಹುಲ್ಲಿನ ಬುಡದಲ್ಲಿದೆ.

ಇಂದು ಗಣಿಯ ಪಟ್ಟಣದ ಮನೆಗಳು ಬಹುಪಾಲು ಖಾಲಿ. ನಮ್ಮ ಶಾಲೆ ನಡೆಯುತ್ತಿದೆ. ಶಿಖರಕ್ಕೆ ದೂರದೂರದಿಂದ ಜನ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ; ಬರಲಿ, ಪ್ಲಾಸ್ಟಿಕ್ ಬಿಟ್ಟು ಹೋಗದಿರಲಿ. ನನ್ನ ಕೋರಿಕೆ ನಮ್ಮ ಮಕ್ಕಳಲ್ಲಿ. ಗಣಿಯಲ್ಲಿ ದುಡಿದವರು, ಅದರ ವಿರುದ್ಧ ನಿಂತವರು, ಹುಲ್ಲುಬೆಟ್ಟದಲ್ಲಿ ದನ ಮೇಯಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಗೆ ಹೋಗಿ, ಕೂತು, ಕೇಳಿ ಬರೆದಿಡಿ. ಶತಮಾನೋತ್ಸವದ ಸಂಚಿಕೆಗೆ ಲೇಖನ ಬರೆಯುವವರಿಗೆ ಅದು ಬೇಕಾಗುತ್ತದೆ. ಅಂದು ನಾನಿರುವುದಿಲ್ಲ, ಬೆಟ್ಟ ಹೀಗೆಯೇ ಹಸಿರಾಗಿರಲಿ.