ಧನ್ಯವಚನಗಳು: ಹೀಬ್ರೂ ಶಾಸ್ತ್ರಗಳ ಬೆಳಕಿನಲ್ಲಿ

ಧನ್ಯವಚನಗಳು: ಯೇಸುವಿನ ಪರ್ವತ ಪ್ರಸಂಗದ ಆರಂಭದಲ್ಲಿ ಬರುವ ಘೋಷಣೆಗಳು. ಹೊಸ ಒಡಂಬಡಿಕೆಯಲ್ಲಿ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ 3ರಿಂದ 12ರವರೆಗಿನ ವಚನಗಳಲ್ಲಿ ಇವು ಇವೆ. ಲೂಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಇವುಗಳ ಇನ್ನೊಂದು, ಚಿಕ್ಕದಾದ ರೂಪವಿದೆ. ಮತ್ತಾಯನಲ್ಲಿ ಆತ್ಮದಲ್ಲಿ ಬಡವರು, ದುಃಖಿಸುವವರು, ಶಾಂತರು, ನೀತಿಗಾಗಿ ಹಸಿದು ಬಾಯಾರಿದವರು, ಕರುಣೆಯುಳ್ಳವರು, ನಿರ್ಮಲ ಹೃದಯದವರು, ಸಮಾಧಾನಪಡಿಸುವವರು, ನೀತಿಯ ನಿಮಿತ್ತ ಹಿಂಸೆಗೊಳಗಾದವರು, ಹೀಗೆ ಎಂಟು ಬಗೆಯ ಜನರನ್ನು ಧನ್ಯರೆಂದು ಕರೆಯಲಾಗಿದೆ. ಅದರ ಬೆನ್ನಿಗೇ ಎದುರಿಗಿದ್ದ ಶಿಷ್ಯರನ್ನು ನೇರವಾಗಿ ಉದ್ದೇಶಿಸಿದ ಒಂಬತ್ತನೆಯ ಮಾತೊಂದು ಬರುತ್ತದೆ. ಮೊದಲನೆಯ ಮತ್ತು ಎಂಟನೆಯ ವಚನಗಳ ಫಲ ಒಂದೇ, ಪರಲೋಕ ರಾಜ್ಯ, ಅದು ವರ್ತಮಾನಕಾಲದಲ್ಲಿದೆ. ನಡುವಿನ ಆರರ ಫಲ ಭವಿಷ್ಯಕ್ಕೆ ಸೇರಿದ್ದು.

ಇವನ್ನು ಹಳೆಯ ಧರ್ಮಶಾಸ್ತ್ರವನ್ನು ಹಿಂದಿಕ್ಕಿದ ಹೊಸ ನೀತಿಸಂಹಿತೆ ಎಂದು ಓದುವ ರೂಢಿ ಬಲವಾಗಿದೆ. ಈ ಓದು ಮೂಲಕ್ಕೆ ನ್ಯಾಯ ಒದಗಿಸುವುದಿಲ್ಲ. ಹೇಳಿದವನು ಯೆಹೂದ್ಯ, ಕೇಳಿದವರೂ ಯೆಹೂದ್ಯರು. ಸಭಾಮಂದಿರಗಳಲ್ಲಿ ಕೇಳಿ ಕೇಳಿ ಕೀರ್ತನೆಗಳೂ ಯೆಶಾಯನ ಪ್ರವಾದನೆಯೂ ಅವರ ಕಿವಿಯಲ್ಲಿ ನೆಲೆಸಿದ್ದವು. ಧನ್ಯವಚನಗಳ ಹೆಚ್ಚುಕಡಿಮೆ ಪ್ರತಿಯೊಂದು ಪದವೂ ಅಲ್ಲಿಂದಲೇ ಬಂದದ್ದು. ಹಾಗೆ ಓದಿದಾಗ ಇವು ಸದ್ಗುಣಗಳ ಪಟ್ಟಿಯಾಗಿ ಕಾಣುವುದಿಲ್ಲ. ಪ್ರವಾದಿಗಳು ಬಹುಕಾಲದಿಂದ ಹೇಳುತ್ತ ಬಂದ ಬಿಡುಗಡೆ ಯಾರಿಗೆ ಸಲ್ಲಬೇಕೋ ಅವರ ಬಳಿಗೆ ಬಂದಿದೆ ಎಂಬ ಸಾರುವಿಕೆಯಾಗಿ ಕೇಳಿಸುತ್ತವೆ.

ಹೀಬ್ರೂ ಶಾಸ್ತ್ರದಲ್ಲಿ ಇಂಥ ಮಾತಿಗೆ ಒಂದು ಸಿದ್ಧರೂಪವೇ ಇದೆ. 'ಅಶ್ರೇ' ಎಂಬ ಪದದಿಂದ ಶುರುವಾಗುವ ವಾಕ್ಯಗಳು 40ಕ್ಕೂ ಹೆಚ್ಚು ಕಡೆ ಬರುತ್ತವೆ, ಅರ್ಧಕ್ಕಿಂತ ಹೆಚ್ಚು ಕೀರ್ತನೆಗಳಲ್ಲೇ. ಇದು ಹರಸುವ ಮಾತಲ್ಲ, ಒಬ್ಬನ ಸ್ಥಿತಿಯನ್ನು ಕಂಡು ಅವನ ಬಾಳು ಒಳ್ಳೆಯದೆಂದು ಉದ್ಗರಿಸುವ ಮಾತು. ಕೀರ್ತನೆಗಳ ಗ್ರಂಥ ಆರಂಭವಾಗುವುದೇ ಈ ಪದದಿಂದ. ಹೀಬ್ರೂ ಶಾಸ್ತ್ರದ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ 'ಅಶ್ರೇ'ಗೆ ಬಳಸಿದ ಪದವನ್ನೇ ಸುವಾರ್ತೆಗಳೂ ಬಳಸಿವೆ. ಕನ್ನಡ ಬೈಬಲಿನಲ್ಲೂ ಎರಡೂ ಕಡೆ 'ಧನ್ಯ' ಎಂದೇ ಇರುವುದರಿಂದ ಕನ್ನಡ ಓದುಗರಿಗೆ ಈ ನಂಟು ಮರೆಯಾಗಿಲ್ಲ. ಧರ್ಮಶಾಸ್ತ್ರದಲ್ಲಿ ಆನಂದಪಡುವವನು (1ನೇ ಕೀರ್ತನೆ), ಅಪರಾಧದ ಕ್ಷಮೆ ಪಡೆದವನು (32), ದಿಕ್ಕಿಲ್ಲದವನನ್ನು ವಿಚಾರಿಸುವವನು (41), ಯಾಕೋಬನ ದೇವರನ್ನು ನೆರವಾಗಿ ಪಡೆದವನು (146) ಇವರೆಲ್ಲ ಅಲ್ಲಿ ಧನ್ಯರು. ಮೋಶೆಯ ಕೊನೆಯ ಆಶೀರ್ವಚನ ಇಡೀ ಇಸ್ರಾಯೇಲನ್ನು ಎದುರಿಗಿಟ್ಟುಕೊಂಡು ಧನ್ಯವೆನ್ನುತ್ತದೆ (ಧರ್ಮೋಪದೇಶಕಾಂಡ 33:29). ಇಂದಿಗೂ ಯೆಹೂದ್ಯರ ನಿತ್ಯಪ್ರಾರ್ಥನೆಯಲ್ಲಿ 'ಅಶ್ರೇ' ಎಂದೇ ಹೆಸರಾದ ಭಾಗವನ್ನು ದಿನಕ್ಕೆ ಮೂರು ಸಲ ಹೇಳುತ್ತಾರೆ. 145ನೇ ಕೀರ್ತನೆ ಅದರ ತಿರುಳು.

ಈ ವಾಕ್ಯಗಳಲ್ಲಿ ಹೆಚ್ಚಿನವು ವಿವೇಕ ಪರಂಪರೆಗೆ ಸೇರಿದವು: ಹೀಗೆ ಬಾಳುವವನು ಸುಖಿ ಎಂಬ ಅನುಭವದ ಮಾತು. ಆದರೆ ಸಾಮ್ರಾಜ್ಯಗಳ ಕಾಲ್ತುಳಿತದಲ್ಲಿ ನೀತಿವಂತರೇ ನಲುಗುವುದನ್ನು ಕಂಡ ಮೇಲೆ ಇದೇ ರೂಪ ನಿರೀಕ್ಷೆಯ ಭಾಷೆಯೂ ಆಯಿತು. ಯೆಶಾಯನಲ್ಲಿ ದೇವರಿಗಾಗಿ ಕಾಯುವವರು ಧನ್ಯರು (30:18). ದಾನಿಯೇಲನ ಗ್ರಂಥದ ಕೊನೆಯಲ್ಲಿ ಸಂಕಟದ ದಿನಗಳು ಮುಗಿಯುವವರೆಗೆ ತಾಳಿಕೊಂಡವನು ಧನ್ಯ (12:12). ಯೇಸುವಿನ ವಚನಗಳು ಈ ಎರಡನೆಯ ಕವಲಿಗೆ ಸೇರಿದವು.

ಮೊದಲ ಮೂರು ವಚನಗಳ ಹಿಂದೆ ಎರಡು ಪಾಠಗಳು ಎದ್ದು ಕಾಣುತ್ತವೆ: ಯೆಶಾಯ 61 ಮತ್ತು 37ನೇ ಕೀರ್ತನೆ. ಯೆಶಾಯ 61ರಲ್ಲಿ ದೇವರ ಆತ್ಮದಿಂದ ಅಭಿಷೇಕ ಹೊಂದಿದವನೊಬ್ಬ ಮಾತಾಡುತ್ತಾನೆ. ದೀನರಿಗೆ ಶುಭವಾರ್ತೆ ಸಾರುವುದು, ಮುರಿದ ಹೃದಯಗಳನ್ನು ಕಟ್ಟುವುದು, ಸೆರೆಯವರಿಗೆ ಬಿಡುಗಡೆ ಘೋಷಿಸುವುದು, ದುಃಖಿತರೆಲ್ಲರನ್ನೂ ಸಂತೈಸುವುದು ಅವನಿಗೆ ಒಪ್ಪಿಸಿದ ಕೆಲಸ. ಬೂದಿಯ ಬದಲು ಶಿರೋಭೂಷಣ, ಶೋಕದ ಬದಲು ಆನಂದತೈಲ ಅವರಿಗೆ ದೊರೆಯುತ್ತವೆ, ಅವರು ನೀತಿಯ ವೃಕ್ಷಗಳೆನಿಸುತ್ತಾರೆ. ಬಡವರು, ಶೋಕಿಸುವವರು, ನೀತಿ, ನಾಡಿನ ಬಾಧ್ಯತೆ ಎಲ್ಲವೂ ಈ ಒಂದೇ ಅಧ್ಯಾಯದಲ್ಲಿವೆ. ಅಲ್ಲಿನ ಶೋಕ ಖಾಸಗಿ ಸಾವುನೋವುಗಳಿಗೆ ಸೀಮಿತವಾದದ್ದಲ್ಲ, ಅದು ಚೀಯೋನಿನ ಶೋಕ. ಪಾಳುಬಿದ್ದ ಯೆರೂಸಲೇಮ್, ಸೆರೆಹೋದ ಜನ, ಅನ್ಯಾಯವೇ ಆಳುವ ನಾಡು ಅದಕ್ಕೆ ಕಾರಣ. ದುಃಖಿಸುವವರು ಧನ್ಯರೆಂದು ಯೇಸು ಹೇಳಿದಾಗ ದುಃಖವೇ ಒಳ್ಳೆಯದೆಂದು ಹೇಳಲಿಲ್ಲ. ಲೋಕ ಇರುವ ರೀತಿಗೆ ಒಗ್ಗಿಕೊಳ್ಳಲಾರದೆ ಅಳುವವರ ಕಣ್ಣೀರನ್ನು ದೇವರು ಒರೆಸಲಿದ್ದಾನೆ ಎಂದ.

ಯೇಸು ಈ ಅಧ್ಯಾಯವನ್ನು ತನ್ನ ಕೆಲಸದ ಸನ್ನದಿನಂತೆ ಹಿಡಿದಿದ್ದನೆಂಬುದಕ್ಕೆ ಸುವಾರ್ತೆಗಳಲ್ಲಿ ಬೇರೆ ಸಾಕ್ಷ್ಯಗಳೂ ಇವೆ. ಲೂಕ 4ರ ಪ್ರಕಾರ ನಜರೇತಿನ ಸಭಾಮಂದಿರದಲ್ಲಿ ಅವನು ಓದಿದ್ದು ಇದನ್ನೇ. ಸ್ನಾನಿಕ ಯೋಹಾನನು ಸೆರೆಯಿಂದ ಶಿಷ್ಯರನ್ನು ಕಳುಹಿಸಿ ಬರಬೇಕಾದವನು ನೀನೋ ಎಂದು ಕೇಳಿಸಿದಾಗ ಕೊಟ್ಟ ಉತ್ತರದಲ್ಲೂ ಬಡವರಿಗೆ ಶುಭವಾರ್ತೆ ಸಾರಲಾಗುತ್ತಿದೆ ಎಂಬ ಮಾತಿದೆ (ಮತ್ತಾಯ 11:5). ಯೆಶಾಯನ ಬಿಡುಗಡೆಯ ಘೋಷಣೆ ಯಾಜಕಕಾಂಡ 25ರ ಜೂಬಿಲಿ ವರ್ಷದ ಭಾಷೆಯಲ್ಲಿದೆ ಎಂಬುದನ್ನೂ ಮರೆಯಬಾರದು. 50ನೇ ವರ್ಷದಲ್ಲಿ ಸಾಲಕ್ಕೆ ಹೋದ ಹೊಲ ಮೂಲ ಕುಟುಂಬಕ್ಕೆ ಹಿಂದಿರುಗಬೇಕು, ಜೀತಕ್ಕೆ ಬಿದ್ದವನು ಮನೆಗೆ ಮರಳಬೇಕು, ಏಕೆಂದರೆ ಭೂಮಿ ದೇವರದು. ಮೃತ ಸಮುದ್ರದ ಬಳಿಯ ಕುಮ್ರಾನಿನ 11ನೇ ಗುಹೆಯಲ್ಲಿ ದೊರೆತ ಮೆಲ್ಕಿಚೆದೆಕನ ಕುರಿತ ಸುರುಳಿ ಈ ಎರಡೂ ಪಾಠಗಳನ್ನು ಹೆಣೆದು ಅಂತ್ಯಕಾಲದ ಬಿಡುಗಡೆಗೆ ಅನ್ವಯಿಸುತ್ತದೆ. ಯೆಶಾಯ 61ನ್ನು ಹೀಗೆ ಓದುವುದು ಯೇಸು ಒಬ್ಬನ ವಿಶೇಷವಲ್ಲ, ಆ ಕಾಲದ ಬೇರೆ ಯೆಹೂದ್ಯ ಮನಸ್ಸುಗಳೂ ಹಾಗೆ ಓದುತ್ತಿದ್ದವು.

ಶಾಂತರು ಭೂಮಿಗೆ ಬಾಧ್ಯರಾಗುವರೆಂಬ ಮೂರನೆಯ ವಚನವಂತೂ 37ನೇ ಕೀರ್ತನೆಯ 11ನೇ ವಚನದ ನೇರ ಪ್ರತಿಧ್ವನಿ. ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಕಟ್ಟಿದ ಆ ಕೀರ್ತನೆ ನೆಲದ ಪ್ರಶ್ನೆಯನ್ನು ಬಿಟ್ಟು ಬಿಡದೆ ಕೇಳುತ್ತದೆ. ನಾಡು ಯಾರಿಗೆ ಉಳಿಯುತ್ತದೆ ಎಂಬ ಮಾತು ಅದರಲ್ಲಿ ಐದು ಸಲ ಬರುತ್ತದೆ. ಅಲ್ಲಿನ ದುಷ್ಟರು ಕತ್ತಿ ಹಿರಿದು ಬಡವರನ್ನು ಕೆಡವುವವರು, ಸಾಲ ಪಡೆದು ತೀರಿಸದವರು, ನೋಡುವವರ ಕಣ್ಣಿಗೆ ಏಳಿಗೆಯಲ್ಲಿರುವವರು. ಇತ್ತ ಶಾಂತನು ಉರಿದುಬೀಳದೆ, ಕೆಡುಕರ ದಾರಿ ಹಿಡಿಯದೆ, ಇದ್ದುದರಲ್ಲೇ ಇತರರಿಗೆ ಕೊಡುತ್ತ ದೇವರ ತೀರ್ಪಿಗಾಗಿ ಕಾಯುತ್ತಾನೆ. ಇದು ಅಳ್ಳೆದೆಯವನ ಚಿತ್ರವಲ್ಲ. ಫರೋಹನ ಎದುರು ನಿಂತ ಮೋಶೆಯನ್ನು ಅರಣ್ಯಕಾಂಡ (12:3) ಭೂಮಿಯ ಮೇಲಿನ ಎಲ್ಲರಿಗಿಂತ ಸಾತ್ವಿಕನೆನ್ನುವುದು ಇದೇ ಪದದಿಂದ. ನಾಬೋತನ ದ್ರಾಕ್ಷೇತೋಟವನ್ನು ಅರಸನಾದ ಅಹಾಬನು ಕಸಿದುಕೊಂಡ ಕಥೆ (1 ಅರಸುಗಳು 21), ಹೊಲಕ್ಕೆ ಹೊಲ ಕೂಡಿಸಿಕೊಳ್ಳುವವರಿಗೆ ಯೆಶಾಯನು ನುಡಿದ ಧಿಕ್ಕಾರ (5:8) ಇವುಗಳ ಜೊತೆಗಿಟ್ಟು ಓದಿದರೆ ಮೂರನೆಯ ವಚನದಲ್ಲಿರುವ 'ಭೂಮಿ' ಕೇವಲ ರೂಪಕವೆಂದು ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಹೀಬ್ರೂವಿನಲ್ಲಿ 'ಬಡವರು' ಮತ್ತು 'ಶಾಂತರು' ಒಂದೇ ಧಾತುವಿಗೆ ಸೇರಿದವರು. ಬಗ್ಗಿಸಲ್ಪಟ್ಟವರು, ಬೇರೆ ಆಸರೆಯಿಲ್ಲದೆ ದೇವರನ್ನೇ ನೆಚ್ಚಿದವರು ಎಂಬ ಭಾವ ಅಲ್ಲಿದೆ. ಲೂಕನು ಬರೀ ಬಡವರು ಎಂದಿದ್ದಾನೆ, ಮತ್ತಾಯನು ಆತ್ಮದಲ್ಲಿ ಬಡವರು ಎಂದಿದ್ದಾನೆ. ಇದನ್ನು ಹಿಡಿದು ಒಬ್ಬನದು ಆರ್ಥಿಕ ಬಡತನ, ಇನ್ನೊಬ್ಬನದು ಆಧ್ಯಾತ್ಮಿಕ ಎಂದು ಸೀಳುವ ವಾದ ಬಹಳ ನಡೆದಿದೆ. ಕೀರ್ತನೆಗಳಿಗೆ ಈ ಸೀಳು ಗೊತ್ತಿಲ್ಲ. ಅಲ್ಲಿ ದೇವರಿಗೆ ಮೊರೆಯಿಡುವವನು ಕೈ ಬರಿದಾದವನೂ ಹೌದು, ಮನಸ್ಸು ತಗ್ಗಿದವನೂ ಹೌದು. ಯೆಶಾಯ 66:2 ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. 1947ರಲ್ಲಿ ಸಿಕ್ಕ ಮೊದಲ ಮೃತ ಸಮುದ್ರ ಸುರುಳಿಗಳಲ್ಲೊಂದಾದ ಯುದ್ಧದ ಸುರುಳಿಯಲ್ಲಿ 'ಆತ್ಮದಲ್ಲಿ ಬಡವರು' ಎಂಬುದಕ್ಕೆ ಸರಿಸಮನಾದ ಹೀಬ್ರೂ ನುಡಿಗಟ್ಟೇ ಕಂಡುಬಂದಿತು. ಆ ಸುರುಳಿಗಳ ಹಿಂದಿದ್ದ ಕುಮ್ರಾನ್ ಸಮುದಾಯ ತನ್ನನ್ನೇ ಹಾಗೆ ಕರೆದುಕೊಂಡಿತ್ತು. 37ನೇ ಕೀರ್ತನೆಗೆ ಅವರು ಬರೆದ ಭಾಷ್ಯವೂ ಉಳಿದುಬಂದಿದ್ದು, ಅಲ್ಲಿನ ಶಾಂತರು ಎಂದರೆ ತಮ್ಮ ಬಡವರ ಸಭೆಯೇ ಎಂದು ಅದು ವಿವರಿಸುತ್ತದೆ. ಯೆಹೂದ್ಯ ವಿದ್ವಾಂಸ ಡೇವಿಡ್ ಫ್ಲುಸ್ಸರ್ 1960ರಲ್ಲೇ ಈ ಸಂಬಂಧವನ್ನು ಎತ್ತಿ ತೋರಿಸಿದ.

ಕುಮ್ರಾನಿನ 4ನೇ ಗುಹೆಯ ಇನ್ನೊಂದು ಹಸ್ತಪ್ರತಿಯಲ್ಲಿ (4ಕ್ಯೂ525) 'ಅಶ್ರೇ' ವಾಕ್ಯಗಳ ಸರಣಿಯೇ ಇದೆ. ಶುದ್ಧ ಹೃದಯದಿಂದ ಸತ್ಯ ನುಡಿಯುವವನು, ನಾಲಗೆಯಿಂದ ಚಾಡಿ ಹೇಳದವನು, ಜ್ಞಾನವನ್ನು ಶುದ್ಧ ಕೈಗಳಿಂದ ಅರಸುವವನು ಅಲ್ಲಿ ಧನ್ಯ. ಒಂದರ ಹಿಂದೊಂದು ಧನ್ಯವಚನ ಜೋಡಿಸುವ ಪದ್ಧತಿ ಆ ಕಾಲದಲ್ಲಿ ಇತ್ತೆಂಬುದಕ್ಕೆ ಇದು ಒಳ್ಳೆಯ ಪುರಾವೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸವೂ ತಟ್ಟುತ್ತದೆ. ಅಲ್ಲಿ ಧನ್ಯನಾದವನು ಏನನ್ನೋ ಸಾಧಿಸಿದವನು. ಯೇಸುವಿನ ಮೊದಲ ನಾಲ್ಕು ವಚನಗಳ ಜನರಿಗೆ ಇರುವುದು ಇಲ್ಲದಿರುವಿಕೆ ಮಾತ್ರ: ಆಸರೆ ಇಲ್ಲ, ಸಂತೋಷ ಇಲ್ಲ, ನೆಲ ಇಲ್ಲ, ನ್ಯಾಯ ಇಲ್ಲ. ನೀತಿಗಾಗಿ ಹಸಿದವರು ಎಂಬಲ್ಲಿ ನೀತಿ ವ್ಯಕ್ತಿಯ ಸದಾಚಾರಕ್ಕಷ್ಟೇ ನಿಲ್ಲದೆ ದೇವರು ಎಲ್ಲವನ್ನೂ ಸರಿಪಡಿಸುವ ನ್ಯಾಯವೂ ಆಗಿದೆ. ಹಸಿದ ಜೀವವನ್ನು ದೇವರು ತಣಿಸುವನೆಂಬ 107ನೇ ಕೀರ್ತನೆ, ಹಣವಿಲ್ಲದವರನ್ನೂ ಊಟಕ್ಕೆ ಕರೆಯುವ ಯೆಶಾಯ 55 ಇದರ ಬೆನ್ನಿಗಿವೆ.

ಕರುಣೆಯ ವಚನಕ್ಕೆ ಹೆಚ್ಚು ವಿವರ ಬೇಕಿಲ್ಲ. ಯಜ್ಞಕ್ಕಿಂತ ಕರುಣೆ ಮೇಲೆಂಬ ಹೋಶೇಯ 6:6ನ್ನು ಮತ್ತಾಯನ ಸುವಾರ್ತೆ ಎರಡು ಸಲ ನೆನೆಯುತ್ತದೆ. ಜೀವಿಗಳಿಗೆ ಕರುಣೆ ತೋರಿದವನಿಗೆ ಪರಲೋಕದಿಂದ ಕರುಣೆ ದೊರೆಯುವುದೆಂಬ ಮಾತು ತಾಲ್ಮುದ್‌ನಲ್ಲೂ ಇದೆ.

ನಿರ್ಮಲ ಹೃದಯದವರು ದೇವರನ್ನು ಕಾಣುವರೆಂಬ ಆರನೆಯ ವಚನದ ತವರು 24ನೇ ಕೀರ್ತನೆ. ಯೆಹೋವನ ಪರ್ವತವನ್ನು ಏರತಕ್ಕವನು ಯಾರು ಎಂದು ಅಲ್ಲಿ ಪ್ರಶ್ನೆ ಏಳುತ್ತದೆ. ಕೈಗಳೂ ಹೃದಯವೂ ಶುದ್ಧವಾಗಿರುವವನು, ಮೋಸದ ಆಣೆಯಿಡದವನು ಎಂಬುದು ಉತ್ತರ. ದೇವಾಲಯದ ಬಾಗಿಲಲ್ಲಿ ಸ್ನಾನ, ಬಲಿಗಳ ಶುದ್ಧಿಯನ್ನು ನಿರೀಕ್ಷಿಸುವ ಕಡೆ ಕೀರ್ತನೆ ನಡತೆಯ ಶುದ್ಧಿಯನ್ನು ಕೇಳುತ್ತದೆ. ಹೃದಯಶುದ್ಧಿಯ ಮಾತು ಯೇಸುವಿನಿಂದ ಮೊದಲಾಯಿತೆನ್ನುವವರು ಈ ಕೀರ್ತನೆಯನ್ನೂ 51ನೆಯದನ್ನೂ ನಿಧಾನವಾಗಿ ಓದಬೇಕು. ಇನ್ನು ದೇವರ ಮುಖವನ್ನು ನೋಡಿದವನು ಬದುಕಲಾರನೆಂದು ವಿಮೋಚನಕಾಂಡ (33:20) ಹೇಳುತ್ತದೆ. ಆದರೂ ಅದೇ ಗ್ರಂಥ ವರ್ಷಕ್ಕೆ ಮೂರು ಸಲ ಜನರನ್ನು ದೇವರ ಸನ್ನಿಧಿಗೆ ಕರೆಯುತ್ತದೆ, 11 ಮತ್ತು 17ನೇ ಕೀರ್ತನೆಗಳು ಆ ಮುಖದರ್ಶನಕ್ಕೆ ಹಂಬಲಿಸುತ್ತವೆ. ಯಾತ್ರಿಕನ ಈ ಹಂಬಲ ಈಡೇರುವುದೆಂಬುದೇ ಆರನೆಯ ವಚನದ ವಾಗ್ದಾನ.

ಸಮಾಧಾನವನ್ನು ಹುಡುಕಿ ಬೆನ್ನಟ್ಟಬೇಕೆಂಬ 34ನೇ ಕೀರ್ತನೆಯ ಬೋಧೆ ಏಳನೆಯ ವಚನದಲ್ಲಿ ಮರಳಿದೆ. ಆರೋನನ ಶಿಷ್ಯರಂತೆ ಸಮಾಧಾನವನ್ನು ಪ್ರೀತಿಸಿ ಬೆನ್ನಟ್ಟಿರಿ ಎಂದು ಯೇಸುವಿಗಿಂತ ಒಂದು ತಲೆಮಾರು ಹಿಂದಿನ ಗುರು ಹಿಲ್ಲೇಲನು ಹೇಳಿದನೆಂದು ಮಿಷ್ನಾ ದಾಖಲಿಸುತ್ತದೆ. ಸಮಾಧಾನಪಡಿಸುವವರು ದೇವರ ಮಕ್ಕಳೆನಿಸಿಕೊಳ್ಳುವರೆಂಬುದಕ್ಕೆ ಹೋಶೇಯ 1:10 ಆಧಾರ.

ಲೂಕನಲ್ಲಿ ನಾಲ್ಕು ಧನ್ಯವಚನಗಳ ಎದುರಿಗೆ ನಾಲ್ಕು ಧಿಕ್ಕಾರಗಳಿವೆ. ಐಶ್ವರ್ಯವಂತರು, ಹೊಟ್ಟೆ ತುಂಬಿದವರು, ಈಗ ನಗುವವರು, ಎಲ್ಲರಿಂದ ಹೊಗಳಿಸಿಕೊಳ್ಳುವವರು ಅವುಗಳ ಗುರಿ. ಆಶೀರ್ವಾದ ಮತ್ತು ಶಾಪವನ್ನು ಎದುರುಬದುರು ನಿಲ್ಲಿಸುವ ಕ್ರಮ ಧರ್ಮೋಪದೇಶಕಾಂಡದ 27 ಮತ್ತು 28ನೇ ಅಧ್ಯಾಯಗಳಲ್ಲೂ ಯೆರೆಮೀಯ 17ರಲ್ಲೂ ಇದೆ. ಆದರೆ ಧರ್ಮೋಪದೇಶಕಾಂಡದಲ್ಲಿ ವಿಧೇಯರಿಗೆ ಸಿಗುವ ತುಂಬಿದ ಕಣಜ ಲೂಕನಲ್ಲಿ ಧನ್ಯತೆಯ ಗುರುತಾಗಿ ಉಳಿದಿಲ್ಲ. ಏಳಿಗೆ ದೇವರ ಮೆಚ್ಚುಗೆಯ ಗುರುತೇ ಎಂದು ಯೋಬನ ಗ್ರಂಥವೂ ಆಮೋಸನೂ ಆಗಲೇ ಕೇಳಿದ್ದ ಪ್ರಶ್ನೆ ಇಲ್ಲಿ ತುದಿ ಮುಟ್ಟಿದೆ.

ಹೀಬ್ರೂ ಬೇರುಗಳನ್ನು ಕುರಿತ ಚರ್ಚೆ ಇಂದಿನದಲ್ಲ. 2ನೇ ಶತಮಾನದ ಮಾರ್ಸಿಯನ್ ಹೀಬ್ರೂ ಶಾಸ್ತ್ರಗಳನ್ನು ಪೂರ್ತಿ ತಳ್ಳಿಹಾಕಿ, ತಾನು ತಿದ್ದಿದ ಲೂಕನ ಸುವಾರ್ತೆಯನ್ನು ಮಾತ್ರ ಉಳಿಸಿಕೊಂಡ. ಅವನ ವಿರುದ್ಧ ಬರೆದ ಕಾರ್ಥೇಜಿನ ತೆರ್ತುಲಿಯನ್ ಕೀರ್ತನೆಗಳನ್ನೂ ಯೆಶಾಯನನ್ನೂ ಮುಂದಿಟ್ಟು, ಬಡವರನ್ನು ಧನ್ಯರೆಂದವನು ಸೃಷ್ಟಿಕರ್ತನಾದ ಇಸ್ರಾಯೇಲಿನ ದೇವರೇ ಎಂದು ವಾದಿಸಿದ. 4ನೇ ಶತಮಾನದ ಕೊನೆಗೆ ಅಗಸ್ಟೀನನು ಧನ್ಯವಚನಗಳನ್ನು ಯೆಶಾಯ 11ರ ಆತ್ಮದ ವರಗಳಿಗೆ ಹೊಂದಿಸಿ ಓದಿದ. ನಿಸ್ಸಾದ ಗ್ರೆಗೊರಿ ಅವು ಆತ್ಮ ಏರುವ ಮೆಟ್ಟಿಲುಗಳೆಂದು ಎಂಟು ಪ್ರವಚನಗಳಲ್ಲಿ ವಿವರಿಸಿದ. ಈ ಏಣಿಯ ಓದು ಸುಂದರವಾದದ್ದು, ಪ್ರಭಾವಶಾಲಿಯೂ ಹೌದು. ಆದರೆ ನೆಲ, ಸಾಲ, ಸೆರೆ, ಹಸಿವುಗಳ ಹೀಬ್ರೂ ಲೋಕ ಅದರಿಂದ ಹಿನ್ನೆಲೆಗೆ ಸರಿಯಿತು. ಜೆರಾಲ್ಡ್ ಫ್ರೀಡ್‌ಲ್ಯಾಂಡರ್ 1911ರಲ್ಲಿ ಪರ್ವತ ಪ್ರಸಂಗದ ಯೆಹೂದ್ಯ ಮೂಲಗಳನ್ನು ಪುಸ್ತಕವಾಗಿ ಕೂಡಿಸಿದ ಮೇಲೆ, ಸುರುಳಿಗಳು ಸಿಕ್ಕ ಮೇಲಂತೂ, ಆ ಲೋಕ ಮತ್ತೆ ಮುಂದೆ ಬಂದಿದೆ.

ಹಿಂಸೆಯ ಕುರಿತ ಕೊನೆಯ ಮಾತುಗಳಲ್ಲಿ ಯೇಸು ಶಿಷ್ಯರನ್ನು ಪ್ರವಾದಿಗಳ ಸಾಲಿಗೆ ಸೇರಿಸುತ್ತಾನೆ. ಕೆಸರಿನ ಬಾವಿಗೆ ಇಳಿಸಲ್ಪಟ್ಟ ಯೆರೆಮೀಯ, ಐಗುಪ್ತದಿಂದ ಹಿಡಿದು ತಂದು ಕೊಲ್ಲಲ್ಪಟ್ಟ ಊರೀಯ, ದೇವಾಲಯದ ಅಂಗಳದಲ್ಲೇ ಕಲ್ಲೇಟಿಗೆ ಬಲಿಯಾದ ಜೆಕರ್ಯ ಆ ಸಾಲಿನವರು. ಆದರೆ ಇಲ್ಲೇ ಒಂದು ಹೊಸತು ಇಣುಕುತ್ತದೆ. 44ನೇ ಕೀರ್ತನೆಯಲ್ಲಿ ಕೊಲೆಗೀಡಾಗುವ ಜನ ದೇವರಿಗೆ ಇದೆಲ್ಲ ನಿನ್ನ ನಿಮಿತ್ತ ಎನ್ನುತ್ತಾರೆ. ಒಂಬತ್ತನೆಯ ವಚನದಲ್ಲಿ ಯೇಸು ನನ್ನ ನಿಮಿತ್ತ ಎನ್ನುತ್ತಾನೆ. ಯೆಹೂದ್ಯ ವಿದ್ವಾಂಸ ಜೇಕಬ್ ನ್ಯೂಸ್ನರ್ 1993ರಲ್ಲಿ ಪರ್ವತ ಪ್ರಸಂಗದೊಂದಿಗೆ ನಡೆಸಿದ ಪುಸ್ತಕರೂಪದ ಸಂವಾದದಲ್ಲಿ ತೊಡಕಾಗಿ ಕಂಡದ್ದು ಬೋಧಕನು ತನ್ನನ್ನೇ ಹೀಗೆ ನಡುವೆ ನಿಲ್ಲಿಸಿಕೊಳ್ಳುವುದು. ಪೋಪ್ ಹದಿನಾರನೆಯ ಬೆನೆಡಿಕ್ಟ್ ಯೇಸುವನ್ನು ಕುರಿತ 2007ರ ತಮ್ಮ ಗ್ರಂಥದಲ್ಲಿ ಆ ವಾದವನ್ನು ಗೌರವದಿಂದ ಎತ್ತಿಕೊಂಡು, ಕ್ರೈಸ್ತ ನಂಬಿಕೆಯ ತಿರುಳು ಇರುವುದು ಅಲ್ಲಿಯೇ ಎಂದು ಉತ್ತರಿಸಿದರು.